ಜೋಳದ ಸೀಮೆಯ ಮರೆವು

ನಮ್ಮ ಮೆಟ್ರಿಯಲ್ಲಿ ಮುಪ್ಪಿನ ಮರೆವಿಗೆ ಕಾಯಿಲೆಯ ಹೆಸರು ಇರಲಿಲ್ಲ. ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ, ಮಗಳನ್ನು ತಂಗಿಯೆಂದು ಕರೆದರೆ, ‘ಅರವತ್ತಕ್ಕೆ ಅರಳು ಮರಳು’ ಎಂದು ಜನ ಸುಮ್ಮನಾಗುತ್ತಿದ್ದರು. ಈಗ ಸುಮ್ಮನಾಗುವುದಿಲ್ಲ. ಕಂಪ್ಲಿ, ಹೊಸಪೇಟೆಯ ಅಂಗಡಿಗಳಿಂದ ನೆನಪಿನ ಶಕ್ತಿಯ ಮಾತ್ರೆ, ಬ್ರಾಹ್ಮಿ ಪುಡಿ, ಮೀನೆಣ್ಣೆಯ ಗುಳಿಗೆ ತರುತ್ತಾರೆ. ಕೂಲಿಯ ದುಡ್ಡಿನಲ್ಲಿ ಇವನ್ನು ಕೊಳ್ಳುವ ಮನೆಗಳನ್ನು ನಾನು ಬಲ್ಲೆ. ಚರಿತ್ರೆಯ ಸಂಶೋಧನಾ ವಿದ್ಯಾರ್ಥಿಯಾದ ನನ್ನನ್ನು ಕಾಡುವ ಪ್ರಶ್ನೆ ಇದು: ತಿನ್ನುವ ವಸ್ತುವೊಂದು ಕಳೆದುಹೋದ ನೆನಪನ್ನು ಮರಳಿ ತಂದೀತು ಎಂಬ ನಂಬಿಕೆ ಎಲ್ಲಿಂದ ಬಂತು? ಜಾಹೀರಾತುಗಳು ಅದನ್ನು ಬೆಳೆಸಿರಬಹುದು. ಆದರೆ ಅದರ ಹಿಂದೆ ನಿಜವಾಗಿ ಗೆದ್ದ ಒಂದು ಕಥೆಯೂ ಇದೆ. ಅದರ ಒಂದು ಅಧ್ಯಾಯ ನಡೆದದ್ದು ನಮ್ಮ ದಖ್ಖನ್ನಿನ ಜೋಳದ ಸೀಮೆಯಲ್ಲಿ.

1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಬಡ ರೈತರಲ್ಲಿ ಒಂದು ವಿಚಿತ್ರ ರೋಗವನ್ನು ಗುರುತಿಸಿದ. ಬಿಸಿಲು ಬೀಳುವ ಕೈ, ಕಾಲು, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುತ್ತಿತ್ತು. ಭೇದಿ ಹಿಡಿಯುತ್ತಿತ್ತು. ಕೊನೆಗೆ ಬುದ್ಧಿ ಕದಡುತ್ತಿತ್ತು. ಇಟಲಿಯವರು ಇದನ್ನು ಪೆಲ್ಲಾಗ್ರ ಎಂದರು. ಒರಟು ಚರ್ಮ ಎಂದು ಅರ್ಥ. ಮೆಕ್ಕೆಜೋಳವನ್ನೇ ನೆಚ್ಚಿ ಬದುಕುವವರಿದ್ದ ಹಲವು ಕಡೆ ಇದು ಕಾಣಿಸಿಕೊಂಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹುಚ್ಚಾಸ್ಪತ್ರೆಗಳಲ್ಲಿ ಈ ರೋಗಿಗಳು ಬಹಳ ಮಂದಿ ಇದ್ದರು. ಇದು ಅಂಟುರೋಗ ಎಂದೇ ಅನೇಕರು ನಂಬಿದ್ದರು. 1914ರಲ್ಲಿ ತನಿಖೆಗೆ ಬಂದ ಜೋಸೆಫ್ ಗೋಲ್ಡ್‌ಬರ್ಗರ್ ಒಂದು ಸರಳ ಸಂಗತಿ ಗಮನಿಸಿದ: ಒಳಗಿನ ರೋಗಿಗಳಿಗೆ ಬರುವ ರೋಗ ಅವರನ್ನು ನೋಡಿಕೊಳ್ಳುವ ದಾದಿಯರಿಗೆ ಬರುತ್ತಿರಲಿಲ್ಲ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಇದು ಅಂಟುವುದಿಲ್ಲವೆಂದು ತೋರಿಸಲು ಆತ 1916ರಲ್ಲಿ ರೋಗಿಯ ರಕ್ತವನ್ನು ತನಗೇ ಚುಚ್ಚಿಸಿಕೊಂಡ. 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ಕೊರತೆಯಿದ್ದ ವಸ್ತುವನ್ನು ಪತ್ತೆ ಹಚ್ಚಿದ. ನಾವು ಇಂದು ನಯಾಸಿನ್ ಎನ್ನುವ ಬಿ ಗುಂಪಿನ ಜೀವಸತ್ವ ಅದು. ಅದನ್ನು ಕೊಟ್ಟಾಗ ಭ್ರಮೆಯಲ್ಲಿ ಬಡಬಡಿಸುತ್ತಿದ್ದವರು ಕೆಲವೇ ದಿನಗಳಲ್ಲಿ ತಿಳಿಯಾದರು. ಬುದ್ಧಿಯ ರೋಗವೊಂದು ಒಂದು ಜೀವಸತ್ವಕ್ಕೆ ಮಣಿದಿತ್ತು.

ನಮ್ಮ ಕಡೆಯ ಒಗಟು ಬೇರೆ. ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಬಂತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ದಖ್ಖನ್ ಪ್ರಸ್ಥಭೂಮಿಯ ಬಡವರಲ್ಲಿ ಅಲ್ಲಿನ ವೈದ್ಯರು ಪೆಲ್ಲಾಗ್ರವನ್ನು ಕಂಡರು. ಇವರು ಮೆಕ್ಕೆಜೋಳ ತಿನ್ನುವವರಲ್ಲ, ನಾವು ರೊಟ್ಟಿ ತಟ್ಟುವ ಜೋಳ ತಿನ್ನುವವರು. ಜೋಳದಲ್ಲಿ ನಯಾಸಿನ್ ಅಕ್ಕಿಗಿಂತ ಕಡಿಮೆಯೇನೂ ಇಲ್ಲ. ಹಾಗಿದ್ದರೂ ರೋಗವೇಕೆ? 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅವರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಕಡೆ ಬೆರಳು ತೋರಿಸಿದರು. ಈ ವಾದವನ್ನು ಮುಂದೆ ಹಲವರು ಪ್ರಶ್ನಿಸಿದರು. ಆದರೆ ಒಂದು ಮಾತು ನಿಂತಿತು: ಜೋಳದ ಜೊತೆ ಬೇಳೆ, ಶೇಂಗಾ, ಹಾಲು, ಮಾಂಸ ತಟ್ಟೆಗೆ ಬಂದಲ್ಲಿ ಪೆಲ್ಲಾಗ್ರ ನಿಲ್ಲುವುದಿಲ್ಲ. ತಪ್ಪು ಜೋಳದ್ದಲ್ಲ, ಜೋಳದ ಪಕ್ಕದಲ್ಲಿ ಬೇರೇನೂ ಇಲ್ಲದ ಬಡತನದ್ದು.

ಆಲ್ಝೈಮರ್ಸ್‌ನ ಕಥೆ ಹೀಗಿಲ್ಲ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗಸ್ಟ ಡೀಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ಆಕೆಗೆ ತನ್ನ ಹೆಸರು ಬರೆಯುವುದೂ ಕಷ್ಟವಾಗಿತ್ತು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅಲೋಯಿಸ್ ಆಲ್ಝೈಮರ್ ಆಕೆಯ ಮಿದುಳನ್ನು ಪರೀಕ್ಷಿಸಿ, ಜೀವಕೋಶಗಳ ನಡುವೆ ಜಮೆಯಾದ ಕಲೆಗಳನ್ನೂ ಅವುಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಕಂಡ. ಇವು ಲಕ್ಷಣ ಕಾಣುವ ಎಷ್ಟೋ ವರ್ಷ ಮೊದಲೇ ಬೆಳೆಯತೊಡಗುತ್ತವೆ. ಪೆಲ್ಲಾಗ್ರದಲ್ಲಿ ಹಸಿದ ಕೋಶಕ್ಕೆ ಉಣಿಸಿದರೆ ಸಾಕು. ಇಲ್ಲಿ ಕೋಶವೇ ಸತ್ತಿರುತ್ತದೆ.

ಆದರೂ ಹುಡುಕಾಟ ನಿಲ್ಲಲಿಲ್ಲ. ಗಿಂಕೊ ಎಲೆಯ ಸಾರವನ್ನು 75 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಸುಮಾರು ಆರು ವರ್ಷ ಪರೀಕ್ಷಿಸಿದರು. 2008ರಲ್ಲಿ ಬಂದ ಫಲಿತಾಂಶ: ಮರೆವಿನ ಕಾಯಿಲೆ ತಡೆಯುವುದರಲ್ಲಿ ಪ್ರಯೋಜನವಿಲ್ಲ. ಅರಿಸಿನದ ಕರ್ಕ್ಯುಮಿನ್ ಇಲಿಗಳಲ್ಲಿ ಆಸೆ ಹುಟ್ಟಿಸಿತು. ಮನುಷ್ಯರ ರಕ್ತಕ್ಕೆ ಅದು ಸೇರುವುದೇ ಅತ್ಯಲ್ಪ. ಬ್ರಾಹ್ಮಿಯ ಮಾತಿಗೆ ಬಂದರೆ, ನಮ್ಮಲ್ಲಿ ಒಂದೆಲಗಕ್ಕೂ ನೀರುಬ್ರಾಹ್ಮಿಗೂ ಒಂದೇ ಹೆಸರು. ಪುಡಿಯಲ್ಲಿ ಯಾವುದಿದೆ ಎಂದು ಕೊಳ್ಳುವವರಿಗೆ ತಿಳಿಯದು. ಎರಡರಲ್ಲಿ ಯಾವುದೂ ಆಲ್ಝೈಮರ್ಸ್ ಅನ್ನು ಹಿಂದಕ್ಕೆ ತಿರುಗಿಸಿದ್ದಕ್ಕೆ ಪುರಾವೆಯಿಲ್ಲ.

ಹಾಗಾದರೆ ಊಟಕ್ಕೆ ಪಾತ್ರವೇ ಇಲ್ಲವೇ? ಇದೆ, ಎರಡು ಕಡೆ. ಮೊದಲನೆಯದು ಪೆಲ್ಲಾಗ್ರದ ಪಾಠ. ಬಿ12 ಕೊರತೆ, ಥೈರಾಯ್ಡ್ ದೋಷಗಳೂ ಮರೆವನ್ನು ತರುತ್ತವೆ, ಬೇಗ ಹಿಡಿದರೆ ವಾಸಿಯಾಗುತ್ತವೆ. ಬಿ12 ಸಿಗುವುದು ಹಾಲು, ಮೊಟ್ಟೆ, ಮಾಂಸ, ಮೀನುಗಳಲ್ಲಿ. ಹಾಲೂ ಅಷ್ಟಕ್ಕಷ್ಟೇ ಆದ ಸಸ್ಯಾಹಾರಿ ಮುದುಕರಲ್ಲಿ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಅದು ಕುಸಿಯಬಹುದು. ಹಾಗಾಗಿ ಪುಡಿಯ ಡಬ್ಬಿಗಿಂತ ಮೊದಲು ಒಂದು ರಕ್ತಪರೀಕ್ಷೆ ಆಗಬೇಕು. ಎರಡನೆಯದು ದೀರ್ಘಕಾಲದ್ದು. 2015ರಲ್ಲಿ ಪ್ರಕಟವಾದ ಫಿನ್‌ಲ್ಯಾಂಡಿನ ಅಧ್ಯಯನದಲ್ಲಿ 1,260 ಹಿರಿಯರು ಭಾಗವಹಿಸಿದ್ದರು. ಹಿತಮಿತ ಊಟ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡದಂತಹ ತೊಂದರೆಗಳ ಮೇಲೆ ನಿಗಾ ಇವೆಲ್ಲ ಒಟ್ಟಿಗೆ ಸೇರಿದಾಗ ಎರಡು ವರ್ಷದಲ್ಲಿ ಚುರುಕುತನ ಸ್ವಲ್ಪ ಹೆಚ್ಚು ಉಳಿಯಿತು. ಊಟ ಅಲ್ಲಿ ನಾಲ್ಕರಲ್ಲಿ ಒಂದು. ನಮ್ಮದೇ ಹಳ್ಳಿಗರ ಬಗ್ಗೆ ತಿಳಿಯಲು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತ ದೀರ್ಘ ಅಧ್ಯಯನ ನಡೆಸುತ್ತಿದೆ.

ಈ ಚರಿತ್ರೆ ಓದುವಾಗ ನನಗೆ ನಮ್ಮೂರಿನ ಹೆಂಗಸರು ನೆನಪಾಗುತ್ತಾರೆ. ಮರೆವು ಊಟದ ಕೊರತೆಯಿಂದ ಬಂತೆಂದು ನಂಬಿದರೆ ಉಣಬಡಿಸಿದವರು ತಪ್ಪಿತಸ್ಥರಾಗುತ್ತಾರೆ. ‘ಸೊಸೆ ಚೆಂದಾಗಿ ಉಣ್ಣಾಕ ಇಡಲಿಲ್ಲ, ಅದಕ್ಕೇ ಅತ್ತಿಗೆ ಹಿಂಗಾತು’ ಎಂಬ ಮಾತು ಓಣಿಯಲ್ಲಿ ಕೇಳಿದ್ದೇನೆ. ಹೇಳಿದವರು ಹೇಳಿ ಹೋಗುತ್ತಾರೆ. ಅತ್ತೆಯ ಬಟ್ಟೆ ಬದಲಿಸುವವಳು, ರಾತ್ರಿ ಬಾಗಿಲು ಕಾಯುವವಳು ಅದೇ ಸೊಸೆ. ಗೋಲ್ಡ್‌ಬರ್ಗರ್ ಅಂದು ಪೆಲ್ಲಾಗ್ರದ ರೋಗಿಗಳ ಮೇಲಿದ್ದ ಅಂಟಿನ ಕಳಂಕವನ್ನು ತೆಗೆದ. ಆಲ್ಝೈಮರ್ಸ್ ರೋಗಿಯನ್ನು ನೋಡಿಕೊಳ್ಳುವವರ ಮೇಲಿನ ಈ ಕಳಂಕವನ್ನು ತೆಗೆಯುವ ಕೆಲಸ ನಮ್ಮದು. ಆ ಸೊಸೆಗೆ ಬೇಕಿರುವುದು ಇನ್ನೊಂದು ಡಬ್ಬಿ ಪುಡಿಯಲ್ಲ, ಎರಡು ತಾಸು ಅತ್ತೆಯ ಹತ್ತಿರ ಕೂಡುವ ಇನ್ನೊಬ್ಬರು.