ಅಟಲಾಂಟಾ: ತರಬೇತಿಗೆ ಹೋದ ಹುಡುಗರು ವಾಪಸ್ ಬರಲೇ ಇಲ್ಲ

ಬರ್ಮುಡಾ ಟ್ರಯಾಂಗಲ್ ಬಗ್ಗೆ ಬರೋ ವಿಡಿಯೊಗಳಲ್ಲಿ ಎಚ್‌ಎಂಎಸ್ ಅಟಲಾಂಟಾ ಅನ್ನೋ ಹೆಸರು ನೀವು ಕೇಳಿರಬಹುದು. ಬ್ರಿಟಿಷ್ ನೌಕಾಪಡೆಯ ಹಡಗು, ಅದರಲ್ಲಿದ್ದ 281 ಜನರ ಸಮೇತ ಮಾಯ! ಆದ್ರೆ ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಇರೋದು ಒಂದು ಹಳೇ ಹಡಗು, ಅನುಭವ ಇಲ್ಲದ ಹುಡುಗರು, ಜೊತೆಗೆ ನೌಕಾಪಡೆಯ ಹಠ.

ಈ ಹಡಗು ನೀರಿಗಿಳಿದದ್ದು 1844ರಲ್ಲಿ, ವೇಲ್ಸ್‌ನ ಪೆಂಬ್ರೋಕ್‌ನಲ್ಲಿ. ಆಗಿನ ಹೆಸರು ಜೂನೊ. 26 ಫಿರಂಗಿ ಇತ್ತು, ಎಂಜಿನ್ ಇರಲಿಲ್ಲ. ಗಾಳಿ ಬೀಸಿದ್ರೆ ಪ್ರಯಾಣ. 1857ರಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳು ಬ್ರಿಟನ್ನಿಗೆ ಸೇರಿದ್ದು ಅಂತ ಘೋಷಿಸಿದ್ದು ಇದೇ ಹಡಗಿನ ಕ್ಯಾಪ್ಟನ್.

1870ರ ದಶಕದ ಹೊತ್ತಿಗೆ ಉಗಿ ಎಂಜಿನ್, ಕಬ್ಬಿಣದ ಹಡಗುಗಳ ಕಾಲ ಬಂದಿತ್ತು. ಆದ್ರೂ ಹಾಯಿ ಕಟ್ಟಿ, ಇಳಿಸಿ ಪಳಗಿದವನೇ ನಿಜವಾದ ನಾವಿಕ ಅನ್ನೋ ನಂಬಿಕೆ ಹೋಗಿರಲಿಲ್ಲ. ಅದಕ್ಕೇ ಹಳೇ ಹಾಯಿ ಹಡಗುಗಳನ್ನ ತರಬೇತಿಗೆ ಬಳಸ್ತಿದ್ರು.

ಅಂಥದ್ದೇ ಒಂದು, ಯುರಿಡಿಸಿ. 1878ರ ಮಾರ್ಚ್ 24ರಂದು ಬರ್ಮುಡಾದಿಂದ ವಾಪಸ್ ಬರುವಾಗ, ಇಂಗ್ಲೆಂಡ್ ದಡದ ಹತ್ತಿರವೇ ಹಿಮಗಾಳಿಗೆ ಸಿಕ್ಕಿ ಮಗುಚಿತು. 300ಕ್ಕೂ ಹೆಚ್ಚು ಜನ ಸತ್ತರು. ಬದುಕಿದ್ದು ಇಬ್ಬರೇ.

ಅದರ ಜಾಗಕ್ಕೆ ಬಂದಿದ್ದು ಯಾವುದು ಗೊತ್ತಾ? ಅಷ್ಟೇ ಹಳೇ, ಅಷ್ಟೇ ಫಿರಂಗಿಗಳ ಜೂನೊ. ಅಷ್ಟರಲ್ಲಿ ಅದಕ್ಕೆ ಅಟಲಾಂಟಾ ಅಂತ ಹೆಸರಿಟ್ಟಾಗಿತ್ತು.

1880ರ ಜನವರಿ 31ರಂದು ಅಟಲಾಂಟಾ ಕೂಡ ಬರ್ಮುಡಾದಿಂದಲೇ ಹೊರಟಿತು. ಕ್ಯಾಪ್ಟನ್ ಫ್ರಾನ್ಸಿಸ್ ಸ್ಟರ್ಲಿಂಗ್. ಸೇರಬೇಕಾಗಿದ್ದು ಇಂಗ್ಲೆಂಡಿನ ಫಾಲ್ಮತ್. ವೈರ್‌ಲೆಸ್ ಇನ್ನೂ ಬಂದಿರಲಿಲ್ಲ, ಹಾಗಾಗಿ ಮನೆಯವರಿಗೆ ಕಾಯೋದು ಬಿಟ್ಟು ಬೇರೆ ದಾರಿಯಿರಲಿಲ್ಲ. ನೌಕಾಪಡೆಯ ಹಡಗುಗಳು ಸಾಗರದಲ್ಲಿ ಹುಡುಕಿದವು. ಹಡಗೂ ಸಿಗಲಿಲ್ಲ, ಒಬ್ಬ ಮನುಷ್ಯನೂ ಸಿಗಲಿಲ್ಲ.

ಆ ಫೆಬ್ರವರಿಯಲ್ಲಿ ಅಟ್ಲಾಂಟಿಕ್‌ನಲ್ಲಿ ಭಾರೀ ಬಿರುಗಾಳಿ ಎದ್ದಿತ್ತು. ಅದಕ್ಕೇ ಹಡಗು ಬಲಿಯಾಯಿತು ಅನ್ನೋದು ಹೆಚ್ಚಿನವರ ಅಭಿಪ್ರಾಯ. ಆದ್ರೆ ಕಾಯಿಲೆಯಿಂದ ಮೊದಲೇ ಹಡಗಿನಿಂದ ಇಳಿದಿದ್ದ ನಾವಿಕನೊಬ್ಬ ಆಗ ಹೇಳಿದ ಮಾತು ಕೇಳಿ: ಹಡಗಿಗೆ ಭಾರ ಜಾಸ್ತಿ, ಒಮ್ಮೆ 32 ಡಿಗ್ರಿ ವಾಲಿತ್ತು. ಹೊಸ ಹುಡುಗರು ಕೂವೆಮರ ಹತ್ತೋಕೆ ಹೆದರ್ತಿದ್ರು, ವಾಂತಿ ಮಾಡಿಕೊಂಡು ಮೂಲೆಯಲ್ಲಿ ಬಚ್ಚಿಟ್ಟುಕೊಳ್ತಿದ್ರು.

ಬರ್ಮುಡಾದಿಂದ ಇಂಗ್ಲೆಂಡಿಗೆ ಹೋಗೋ ದಾರಿ ಇರೋದು ಈಶಾನ್ಯಕ್ಕೆ, ಆ ಟ್ರಯಾಂಗಲ್‌ನಿಂದ ದೂರಕ್ಕೆ. ಸಮುದ್ರದ ಮೇಲೆ ತಪ್ಪು ಹೊರಿಸೋದು ಸುಲಭ. ಯುರಿಡಿಸಿ ಮುಳುಗಿ ಎರಡು ವರ್ಷವೂ ಆಗಿರಲಿಲ್ಲ. ಅಂಥದ್ದೇ ಹಡಗಲ್ಲಿ ಈ ಹುಡುಗರನ್ನ ಕಳಿಸಿದ್ದು ಯಾರು? ಕೇಳಬೇಕಾದ ಪ್ರಶ್ನೆ ಅದು.