ರೋಟ್, ಚೊಂಗೆ ಮತ್ತು ಪುದೀನ ಬಿಸ್ಕೀಟು

ಕಳೆದ ಡಿಸೆಂಬರಿನಲ್ಲಿ ಅಮೆರಿಕದಿಂದ ಮಗಳು, ಮೊಮ್ಮಗಳು ಬಂದಿದ್ದರು. ಅಲ್ಲಿ ಕ್ರಿಸ್‌ಮಸ್ ರಜೆ ಬಂತೆಂದರೆ ಮನೆಮನೆಯಲ್ಲೂ ಬಿಸ್ಕೀಟು ಮಾಡುತ್ತಾರಂತೆ. ನಮ್ಮ ಹುಡುಗಿಗೆ ಚಾಕೊಲೇಟಿಗೆ ಪುದೀನ ಸೇರಿಸಿದ್ದೇ ಆಗಬೇಕು. ಪುದೀನ ಅಂದದ್ದೇ ತಡ, ನನ್ನಾಕೆ ಫ್ರಿಜ್ಜಿನಿಂದ ಒಂದು ಕಟ್ಟು ಸೊಪ್ಪು ತೆಗೆದಿಟ್ಟಳು. ಹುಡುಗಿ ಬಿದ್ದು ಬಿದ್ದು ನಕ್ಕಿತು. ಬೇಕಾದದ್ದು ಸೊಪ್ಪಲ್ಲ, ಬಾಟಲಿಯಲ್ಲಿ ಬರುವ ಪೆಪ್ಪರ್‌ಮಿಂಟ್ ಸಾರ. (ನಮ್ಮ ಚಟ್ನಿಯ ಪುದೀನ ಬೇರೆ. ಅದಕ್ಕೂ ನೀರಿನಂಚಿನಲ್ಲಿ ಬೆಳೆಯುವ ಇನ್ನೊಂದು ಜಾತಿಗೂ ಹುಟ್ಟಿದ ಮಿಶ್ರತಳಿ ಈ ಪೆಪ್ಪರ್‌ಮಿಂಟ್. ಬಾಯಿ ತಣ್ಣಗೆ ಮಾಡುವ ಮೆಂಥಾಲ್ ಅದರಲ್ಲಿ ಹೆಚ್ಚು.)

ಆಮೇಲೆ ಬಂತು ಅಸಲು ಪ್ರಶ್ನೆ. "ತಾತಾ, ನಿಮ್ಮ ಓವನ್ ಎಲ್ಲಿ?"

ನಮ್ಮಲ್ಲಿ ಇರುವುದು ಹಾಲು ಬಿಸಿ ಮಾಡುವ ಮೈಕ್ರೋವೇವ್ ಒಂದೇ. ಎದುರು ಫ್ಲ್ಯಾಟಿನವರ ಓವನ್ ಕಡ ತಂದು ಅವತ್ತಿನ ಕೆಲಸವೇನೋ ಮುಗಿಯಿತು. ನನಗೆ ಮಾತ್ರ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಹೈದರಾಬಾದಿಗೆ ಬಂದವರು ಬಿಸ್ಕೀಟಿನ ಡಬ್ಬಿ ಇಲ್ಲದೆ ವಾಪಸು ಹೋಗುವುದಿಲ್ಲ. ಕಾಚಿಗುಡ ಸ್ಟೇಷನ್ನಿನಲ್ಲಿ ಬೆಂಗಳೂರು ರೈಲು ಹತ್ತುವವರ ಕೈಚೀಲ ನೋಡಿದರೆ ಸಾಕು. ಇಷ್ಟೊಂದು ಬಿಸ್ಕೀಟಿನ ಊರು, ಆದರೆ ನಾನು ಬಂದ ಕಾಲಕ್ಕೆ ನನಗೆ ಗೊತ್ತಿದ್ದ ಒಂದು ಮನೆಯಲ್ಲೂ ಓವನ್ ಇರಲಿಲ್ಲ. ಹಾಗಾದರೆ ಹಬ್ಬದ ಬಿಸ್ಕೀಟು ಹೇಗೆ ಆಗುತ್ತಿತ್ತು?

ಓವನ್ ಇಲ್ಲದ ಮನೆಗೆ ಇದ್ದದ್ದು ಎರಡೇ ದಾರಿ. ಒಂದು, ಎಣ್ಣೆಯಲ್ಲಿ ಕರಿಯುವುದು. ಮಂಗಳೂರಿನ ಕ್ರೈಸ್ತರ ಕುಸ್ವಾರ್ ನೋಡಿ. ನೆವ್ರಿ, ಕಿಡಿಯೊ, ಕೊಕ್ಕಿಸಾಂ, ಎಲ್ಲಾ ಬಾಣಲೆಯಿಂದ ಬಂದವು. ಸಿಕಂದರಾಬಾದಿನ ಲಾಲಾಗುಡದ ಆಂಗ್ಲೋ ಇಂಡಿಯನ್ ಮನೆಗಳಲ್ಲೂ ಅಷ್ಟೇ, ಹೆಸರು ಮಾತ್ರ ಕುಲ್‌ಕುಲ್, ರೋಸ್ ಕುಕ್ಕಿ. ಹೆಸರಿಗೆ ಕುಕ್ಕಿ, ಕೆಲಸ ಚಕ್ಕುಲಿಯದ್ದು!

ಎರಡನೆಯ ದಾರಿ ಬೇಕರಿಯ ಭಟ್ಟಿ. ಮನೆಯಿಂದ ಹಿಟ್ಟು, ತುಪ್ಪ, ಸಕ್ಕರೆ ಒಯ್ದು, ಮುಂದೆ ನಿಂತು ಮಾಡಿಸಿಕೊಂಡು ಬರುವುದು. ಗಿರಣಿಗೆ ಜೋಳ ಒಯ್ದ ಹಾಗೆ. ಹೈದರಾಬಾದಿನ ಹಬ್ಬದ ಬಿಸ್ಕೀಟಿನ ಚರಿತ್ರೆ ಇರುವುದು ಇಲ್ಲಿ ಅಂತ ನನ್ನ ವಾದ.

ಇದಕ್ಕೆ ಒಳ್ಳೆಯ ಸಾಕ್ಷಿ ದಮ್ ಕೆ ರೋಟ್. ಮೊಹರಂ ತಿಂಗಳಲ್ಲಿ ಹಳೇ ಊರಿನ ಬೇಕರಿಗಳಲ್ಲೂ ನಾಂಪಲ್ಲಿಯ ಸುಭಾನ್ ಬೇಕರಿಯಲ್ಲೂ ಇದಕ್ಕೆ ಸಾಲು ನಿಲ್ಲುತ್ತಾರೆ. ರವೆ, ಗೋಧಿಹಿಟ್ಟು, ಸಕ್ಕರೆ, ತುಪ್ಪ, ಹಾಲು, ಕೇಸರಿ, ಏಲಕ್ಕಿ. ಮೇಲೆ ಬಾದಾಮಿ, ಗೋಡಂಬಿ ಒತ್ತಿರುತ್ತಾರೆ. ಅಂಗೈಯಗಲ, ದಪ್ಪ, ಮುರಿದರೆ ಪುಡಿಪುಡಿ. ರೋಟ್ ಅಂದರೆ ದಪ್ಪ ರೊಟ್ಟಿ. ದಮ್ ಅಂದರೆ ಮುಚ್ಚಿದ ಪಾತ್ರೆಗೆ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ನಿಧಾನಕ್ಕೆ ಬೇಯಿಸುವುದು. ಭಟ್ಟಿ ಮಾಡುವುದೂ ಅದನ್ನೇ, ನಾಲ್ಕೂ ಕಡೆಯಿಂದ. ಅಂದ ಹಾಗೆ ಮೊಹರಮ್ಮನ್ನು ಹಬ್ಬ ಅಂದರೆ ಶಿಯಾ ಮಿತ್ರರು ಒಪ್ಪುವುದಿಲ್ಲ, ಅವರಿಗೆ ಅದು ದುಃಖದ ದಿನ. ಹಬ್ಬ ಅಂತ ಕರೆಯುವುದು ನಮ್ಮ ಹಳ್ಳಿಯವರ ಬಾಯಿರೂಢಿ, ನನಗೂ ಹೋಗಿಲ್ಲ.

ರೋಟಿಗೂ ಒಂದು ರಾಜನ ಕಥೆ ಇದೆ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತನ್ನ ಮೊಮ್ಮಗ ಮುಕರ್ರಂ ಜಾ ಸುಖವಾಗಿರಲಿ ಅಂತ ಪತ್ತರ್‌ಗಟ್ಟಿಯ ನಾಲ್-ಎ-ಮುಬಾರಕ್ ಅಲಮ್ಮಿಗೆ ರೋಟ್ ಅರ್ಪಿಸಿದ, ಅಲ್ಲಿಂದ ಊರೆಲ್ಲ ಹಬ್ಬಿತು ಅಂತ. ಮುಕರ್ರಂ ಜಾ ಹುಟ್ಟಿದ್ದು 1933ರಲ್ಲಿ, ತೀರಿಕೊಂಡದ್ದು 2023ರಲ್ಲಿ, ಇಸ್ತಾಂಬುಲಿನಲ್ಲಿ. ನಿಜಾಮ ಅರ್ಪಿಸಿರಬಹುದು, ಬೇಡ ಅನ್ನುವುದಿಲ್ಲ. ಆದರೆ ಮೊಮ್ಮಗನಿಗೆ ಹರಕೆ ಹೊರುವುದನ್ನು ಜನರಿಗೆ ದೊರೆ ಕಲಿಸಬೇಕೇ? ಗೋಲ್ಕೊಂಡದ ಕುತುಬ್‌ಶಾಹಿಗಳ ಕಾಲದಿಂದ ಅಲಮ್ಮುಗಳು ಏಳುತ್ತಿದ್ದ ಊರು ಇದು. ಜನ ಮಾಡುತ್ತಿದ್ದದ್ದನ್ನೇ ನಿಜಾಮನೂ ಮಾಡಿದ, ಹೆಸರು ಅವನಿಗೆ ಹೋಯಿತು ಅಂತಲೇ ನನಗೆ ತೋರುತ್ತದೆ.

ಉಸ್ಮಾನಿಯಾ ಬಿಸ್ಕೀಟಿನದ್ದೂ ಅದೇ ಪಾಡು. 1911ರಿಂದ 1948ರವರೆಗೆ ಆಳಿದ ಇದೇ ನಿಜಾಮನ ಹೆಸರು ಅದಕ್ಕೆ. ಉಸ್ಮಾನಿಯಾ ಆಸ್ಪತ್ರೆಯ ರೋಗಿಗಳ ಶಕ್ತಿಗೆಂದು ಮಾಡಿಸಿದ್ದು ಅಂತ ಒಬ್ಬರು, ಅಬಿಡ್ಸಿನ ವಿಕಾಜಿ ಹೋಟೆಲಿನಲ್ಲಿ ನಿಜಾಮನ ನಾಲಿಗೆಗೆಂದು ಮಾಡಿದ್ದು ಅಂತ ಇನ್ನೊಬ್ಬರು. ಎರಡೂ ಒಟ್ಟಿಗೆ ನಿಜವಾಗಲಾರವು. ಬಾಯಿಗೆ ಮೊದಲು ಉಪ್ಪು, ಆಮೇಲೆ ಸಿಹಿ, ಇರಾನಿ ಚಹಾಕ್ಕೆ ಹೇಳಿ ಮಾಡಿಸಿದ್ದು. ಈಗ ಮನೆಯಲ್ಲಿ ಮಾಡುವವರು ಹೆಚ್ಚಾಗಿ ಕಸ್ಟರ್ಡ್ ಪುಡಿ ಹಾಕುತ್ತಾರೆ. ಆ ಪುಡಿ ಹುಟ್ಟಿದ್ದು 1837ರಲ್ಲಿ ಇಂಗ್ಲೆಂಡಿನಲ್ಲಿ. ಆಲ್ಫ್ರೆಡ್ ಬರ್ಡ್ ಅನ್ನುವವನ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ, ಅವಳಿಗೋಸ್ಕರ ಮೊಟ್ಟೆಯಿಲ್ಲದ ಕಸ್ಟರ್ಡ್ ಕಂಡುಹಿಡಿದ. ಒಂದು ತಟ್ಟೆಯಲ್ಲಿ ನಿಜಾಮನ ಹೆಸರು, ಇಂಗ್ಲಿಷರ ಪುಡಿ, ಇರಾನಿಗಳ ಚಹಾ!

ಇನ್ನು ಕರಾಚಿ ಬೇಕರಿ. ದೇಶ ವಿಭಜನೆಯಾದ ಮೇಲೆ ಸಿಂಧ್ ಬಿಟ್ಟು ಬಂದ ಖಾನ್‌ಚಂದ್ ರಾಮ್ನಾನಿ 1953ರಲ್ಲಿ ಮೊಅಜ್ಜಂ ಜಾಹಿ ಮಾರ್ಕೆಟ್ಟಿನ ಹತ್ತಿರ ಹಾಕಿದ್ದು. ಅವರ ಫ್ರೂಟ್ ಬಿಸ್ಕೀಟಿನ ಕೆಂಪು ಹಸಿರು ಟೂಟಿಫ್ರೂಟಿ ನಿಜದಲ್ಲಿ ಸಕ್ಕರೆ ಪಾಕದಲ್ಲಿ ನೆನೆಸಿದ ಪರಂಗಿಕಾಯಿ. ಬಿಟ್ಟು ಬಂದ ಊರಿನ ಹೆಸರು ಅಂಗಡಿಗೆ ಇಡುವುದು ವಲಸಿಗರ ಹುಟ್ಟುಗುಣ. ಇಲ್ಲಿನ ಗಲ್ಲಿಗಲ್ಲಿಯ 'ಬೆಂಗಳೂರು ಅಯ್ಯಂಗಾರ್ ಬೇಕರಿ' ಬೋರ್ಡುಗಳನ್ನು ನೋಡಿದ ನಮಗೆ ಅದನ್ನು ಹೇಳಬೇಕಿಲ್ಲ. ಅಂಥದರಲ್ಲಿ 2019ರ ಪುಲ್ವಾಮಾ ದಾಳಿಯ ನಂತರ ಬೆಂಗಳೂರಿನ ಇಂದಿರಾನಗರದ ಅಂಗಡಿಯವರು ಗಲಾಟೆಗೆ ಹೆದರಿ 'ಕರಾಚಿ' ಅನ್ನುವ ಅಕ್ಷರ ಮುಚ್ಚಬೇಕಾಯಿತು. ಪಾಕಿಸ್ತಾನವಾದದ್ದಕ್ಕೇ ಊರು ಬಿಟ್ಟು ಬಂದವರ ಅಂಗಡಿ ಅದು. ಓದಿ ಬೇಜಾರಾಯಿತು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ ನಮ್ಮ ಮನೆಯಿಂದಲೂ ಒಂದು ಸಲ ತುಪ್ಪ ಭಟ್ಟಿಗೆ ಹೋಗಿತ್ತು.

ನಮ್ಮದು ರಾಯಚೂರು ಜಿಲ್ಲೆ, ಮುದಗಲ್ಲಿನ ಆಚೆ ಒಂದು ಹಳ್ಳಿ. ಬೀದರ, ಗುಲ್ಬರ್ಗ, ರಾಯಚೂರು ಮೂರೂ 1948ರವರೆಗೆ ನಿಜಾಮನ ಕೈಕೆಳಗೆ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿ ಇದ್ದವು. ಮೈಸೂರಿಗೆ ಸೇರಿದ ಮೇಲೂ ಮೊಹರಂ ನಮ್ಮ ಕಡೆ ಹಾಗೇ ಉಳಿಯಿತು. ಮುದಗಲ್ಲಿನದು ಇವತ್ತಿಗೂ ಹೆಸರುವಾಸಿ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಯಾರು ಯಾವ ಜಾತಿ ಅಂತ ಕೇಳುವವರಿಲ್ಲ. ಸಕ್ಕರೆ ಓದಿಸುತ್ತಾರೆ, ಚೊಂಗೆ ಮಾಡುತ್ತಾರೆ. ಗೋಧಿಹಿಟ್ಟನ್ನು ಚಿತ್ತಾರ ಕೊರೆದ ಮರದ ಹಲಗೆಯ ಮೇಲೆ ಒತ್ತಿ, ಬೇಯಿಸಿ, ನಡುನಡುವೆ ಬೆಲ್ಲ, ಕೊಬ್ಬರಿ, ಗಸಗಸೆ ಹಾಕಿ ಒಂದರ ಮೇಲೊಂದು ಇಡುವ ಸಿಹಿ ಅದು. ಭಟ್ಟಿಯಿಲ್ಲದ ಊರಿನ ರೋಟ್ ಅನ್ನಿ.

1977ರಲ್ಲಿ ನಾವು ಕಾಚಿಗುಡದಲ್ಲಿ ಬಾಡಿಗೆಗೆ ಇದ್ದೆವು. ಎರಡು ವರ್ಷದ ನನ್ನ ಮಗನಿಗೆ ಟೈಫಾಯಿಡ್ ಆಗಿ ಇಪ್ಪತ್ತು ದಿನ ಕಣ್ಣು ಬಿಡಲಿಲ್ಲ. ಊರಿನಿಂದ ಬಂದಿದ್ದ ಅವ್ವ ಅಲಾಯಿ ದೇವರಿಗೆ ಚೊಂಗೆಯ ಹರಕೆ ಹೊತ್ತಳು. ಹುಡುಗ ಎದ್ದು ಕೂತ. ಮೊಹರಂ ಬಂದಾಗ ಅವನನ್ನು ಬಿಟ್ಟು ಊರಿಗೆ ಹೋಗುವ ಹಾಗಿರಲಿಲ್ಲ, ಚೊಂಗೆಯ ಹಲಗೆ ಊರಲ್ಲೇ ಇತ್ತು. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಪಕ್ಕದ ಮನೆಯ ಖಾಲಾ ವಿಷಯ ಕೇಳಿ, "ಫಿಕರ್ ನಕ್ಕೋ ಕರೋ ಅಮ್ಮಾ, ರೋಟ್ ಮಾಡಿಸಿ ಕೊಡೋಣ. ದೇವರು ಅದೇ ಅಲ್ಲವಾ" ಅಂದರು.

ಹೊರಗೆ ನೀರು ಕುಡಿಯದ ಅವ್ವ ಒಪ್ಪಿದಳು. ಒಂದೇ ಷರತ್ತು. "ತತ್ತಿ ಇಟ್ಟ ತಗಡಿನ್ಯಾಗ ನಮ್ಮದು ಇಡಬ್ಯಾಡ ಅಂತ ಹೇಳು."

ಊರಿನಿಂದ ತಂದಿದ್ದ ತುಪ್ಪದ ಡಬ್ಬಿ ಹೊತ್ತು ಖಾಲಾನ ಮಗನ ಜೊತೆ ನಾನೇ ಹೋದೆ. ಚಂದ್ರಮಾನದ ಲೆಕ್ಕದಲ್ಲಿ ಮೊಹರಂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದಲ್ಲ, ಆ ಸಲ ಹತ್ತನೆಯ ದಿನ ಕ್ರಿಸ್‌ಮಸ್ಸಿಗೆ ನಾಲ್ಕೈದು ದಿನ ಮುಂಚೆ ಬಿದ್ದಿತ್ತು. ಬೇಕರಿಯ ಹಿಂಬಾಗಿಲಲ್ಲಿ ಜಾತ್ರೆ. ರೋಟ್ ಮಾಡಿಸುವವರು ಒಂದು ಕಡೆ, ಕೇಕಿನ ಹಿಟ್ಟು ಕಲಸಿಕೊಂಡು ತಂದ ರೈಲ್ವೆ ನೌಕರರೊಬ್ಬರು ಇನ್ನೊಂದು ಕಡೆ, ನಡುವೆ ತುಪ್ಪದ ಡಬ್ಬಿ ಹಿಡಿದು ನಾನು. ಯಾರ ತಗಡು ಯಾರದು ಅಂತ ಗುರುತಿಗೆ ಚೀಟಿ ಇಡುತ್ತಿದ್ದರು. ಉಸ್ತಾದ್ ನನ್ನ ಷರತ್ತು ಕೇಳಿ ನಗಲಿಲ್ಲ. ಒಂದು ತಗಡನ್ನು ಬೂದಿ ಹಾಕಿ ತಿಕ್ಕಿಸಿ, ತೊಳೆಸಿ, ನನಗೆ ತೋರಿಸಿಯೇ ರೋಟ್ ಜೋಡಿಸಿದ. ಉದ್ದನೆಯ ಮರದ ಸಲಿಕೆಯಿಂದ ಒಳಗೆ ತಳ್ಳಿದ. ಕೇಕು ಭಟ್ಟಿಯ ಎಡಕ್ಕೆ, ನಮ್ಮದು ಬಲಕ್ಕೆ.

ಅವ್ವ ರೋಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮೂಸಿದಳು. ಓದಿಸಿಕೊಂಡು ಬಂದ ಮೇಲೆ ಮೊದಲ ಚೂರು ಮೊಮ್ಮಗನಿಗೆ, ಎರಡನೆಯದು ಖಾಲಾಗೆ. ತಾನು ತಿಂದು, "ಚೊಂಗೆಕ್ಕಿಂತ ಸಕ್ಕರಿ ಕಡಿಮಿ ಐತಿ" ಅಂದಳು.

ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಉಳಿದ ತುಪ್ಪವನ್ನು ಉಸ್ತಾದ್ ಹಾಗೇ ವಾಪಸು ಕಳಿಸಿದ್ದ.