ಒಂದು ಕಲ್ಲು, ಮೂರು ನಂಬರು

ನಿರ್ಣಾ ಅಂದರೆ ಎಲ್ಲಿ ಅಂತ ಯಾರಾದರೂ ಕೇಳಿದರೆ ಉತ್ತರ ಸ್ವಲ್ಪ ಉದ್ದವಾಗುತ್ತೆ. ಬೀದರ್ ಜಿಲ್ಲೆ ಅನ್ನೋದು ಸರಿ. ಆದರೆ ತಾಲ್ಲೂಕು? ಬಹಳ ಕಾಲ ಹುಮನಾಬಾದ್, ಈಗ ಹೊಸದಾಗಿ ಆದ ಚಿಟಗುಪ್ಪ. ರಾಜ್ಯ? 1948ರವರೆಗೆ ನಿಜಾಮರ ಸಂಸ್ಥಾನ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯ, ಆಮೇಲೆ ಮೈಸೂರು, 1973ರಿಂದ ಕರ್ನಾಟಕ. ಊರು ಕೂತ ಜಾಗದಿಂದ ಒಂದಡಿ ಕದಲಿಲ್ಲ, ವಿಳಾಸ ಮಾತ್ರ ಬದಲಾಗ್ತಾನೇ ಇದೆ.

ಹತ್ತಿರದ ಬಸವಕಲ್ಯಾಣದ್ದೂ ಇದೇ ಕಥೆ. ಶಾಸನಗಳಲ್ಲಿ ಅದು ಕಲ್ಯಾಣ, ನಿಜಾಮರ ಕಾಲದ ಕಾಗದಗಳಲ್ಲಿ ಕಲ್ಯಾಣಿ, 1956ರ ನಂತರ ಬಸವಕಲ್ಯಾಣ. ಪತ್ರ ಹಂಚುವ ಪೋಸ್ಟ್‌ಮ್ಯಾನ್‌ಗೆ ಇದರಿಂದ ತೊಂದರೆ ಇಲ್ಲ ಬಿಡಿ. ತೊಂದರೆ ಇರೋದು ಹಳೆಯ ದಾಖಲೆಗಳನ್ನು ಹುಡುಕುವವರಿಗೆ. ಸಂಶೋಧನೆಯ ಮಾಹಿತಿಯನ್ನು ಎಲ್ಲರೂ ಒಂದೇ ಪದ್ಧತಿಯಲ್ಲಿ ಇಡಬೇಕು, ಹಂಚಿಕೊಳ್ಳಬೇಕು ಅನ್ನುವ ಮಾತು ಈಗ ವಿಜ್ಞಾನಿಗಳ ನಡುವೆ ಜೋರಾಗಿದೆ. ಅದು ಯಾಕೆ ಬೇಕು ಅಂತ ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕಾಗಿಲ್ಲ, ನಮ್ಮ ಶಾಸನಗಳ ಇತಿಹಾಸ ನೋಡಿದರೆ ಸಾಕು.

ಮೊದಲು ಕಾಲದ ಲೆಕ್ಕದಿಂದಲೇ ಶುರು ಮಾಡೋಣ. 1076ರಲ್ಲಿ ಕಲ್ಯಾಣದಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯ ಶಕವರ್ಷವನ್ನು ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮ ವರ್ಷವನ್ನು ಶುರು ಮಾಡಿದ. ಇಡೀ ರಾಜ್ಯದಲ್ಲಿ ಶಾಸನ ಬರೆಯುವವರು ಹೊಸ ಲೆಕ್ಕ ಹಿಡಿದರು. ಆ ವರ್ಷಕ್ಕೆ 1075 ಕೂಡಿಸಿದರೆ ನಮ್ಮ ಈಗಿನ ಇಸವಿ ಸಿಗುತ್ತೆ. ಇಟಗಿಯ ಮಹಾದೇವ ದೇವಾಲಯದ ಶಾಸನದ ಕಾಲ ಚಾಲುಕ್ಯ ವಿಕ್ರಮ ವರ್ಷ 37, ಅಂದರೆ 1112.

ಇಲ್ಲಿ ನಮ್ಮ ಹಿರಿಯರ ಜಾಣತನ ನೋಡಿ. ಶಾಸನಗಳಲ್ಲಿ ಬರೀ ವರ್ಷದ ಸಂಖ್ಯೆ ಇರೋದಿಲ್ಲ, ಸಂವತ್ಸರದ ಹೆಸರೂ ಇರುತ್ತೆ. ವಿಕ್ರಮ ವರ್ಷದ ಮೊದಲನೆಯದು ನಳ ಸಂವತ್ಸರ, ಅರವತ್ತರ ಪಟ್ಟಿಯಲ್ಲಿ 50ನೆಯದು. ಅಲ್ಲಿಂದ 36 ವರ್ಷ ಎಣಿಸಿ. ಹತ್ತು ವರ್ಷಕ್ಕೆ ಅಕ್ಷಯ ಬಂದು ಪಟ್ಟಿ ಮುಗಿಯುತ್ತೆ, ಮತ್ತೆ ಪ್ರಭವದಿಂದ ಹಿಡಿದು 26ನೆಯದಕ್ಕೆ ನಿಂತರೆ ನಂದನ. 37ನೆಯ ವರ್ಷದ ಜೊತೆಗೆ ನಂದನ ಅಂತಿದ್ದರೆ ಲೆಕ್ಕ ತಾಳೆ ಆಯ್ತು. ಬೇರೆ ಹೆಸರಿದ್ದರೆ ಕೆತ್ತಿದವನೋ ಓದಿದವನೋ ಎಲ್ಲೋ ತಪ್ಪಿದ್ದಾನೆ ಅಂತ ಅನುಮಾನಿಸಬಹುದು. ತಿಥಿ ವಾರಗಳೂ ಇದ್ದರೆ ಇನ್ನೊಂದು ತಾಳೆ. ಒಂಬೈನೂರು ವರ್ಷ ಆದಮೇಲೂ ಯಾವುದೋ ಊರಿನ ಯಾರೋ ಒಬ್ಬರು ಕೂತು ಪರೀಕ್ಷಿಸುವಂತೆ ಬರೆದಿಟ್ಟಿದ್ದಾರೆ. ರಾಬರ್ಟ್ ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ, ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಪ್ರಕಟಿಸಿದ ಕಾಲಗಣನೆಯ ಕೋಷ್ಟಕಗಳು ಈ ಕೆಲಸವನ್ನು ಎಲ್ಲರ ಕೈಗೂ ಎಟುಕುವಂತೆ ಮಾಡಿದವು.

ಕಾಲದ ಲೆಕ್ಕ ಹೀಗೆ ಸರಿಹೋಯಿತು. ಸರಿಹೋಗದೆ ಉಳಿದದ್ದು ಜಾಗದ ಲೆಕ್ಕ.

1830ರ ದಶಕದಲ್ಲಿ ವಾಲ್ಟರ್ ಎಲಿಯಟ್ ಧಾರವಾಡದ ಕಡೆ ಇದ್ದಾಗ 595 ಶಾಸನಗಳನ್ನು ಕೈಬರಹದಲ್ಲಿ ಪ್ರತಿ ಮಾಡಿಸಿದ. ದೊಡ್ಡ ಕೆಲಸವೇ. ಆದರೆ ಕೈಬರಹದ ಪ್ರತಿಯಲ್ಲಿ ಕಲ್ಲಿನಲ್ಲಿ ಇದ್ದದ್ದು ಯಾವುದು, ಬರೆದವನ ಊಹೆ ಯಾವುದು ಅಂತ ಗೊತ್ತಾಗೋದಿಲ್ಲ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಕುಂಚದಿಂದ ಬಡಿದು, ಮಸಿ ಒತ್ತಿ ತೆಗೆಯುವ ಪಡಿಯಚ್ಚು ಬಂದಮೇಲೆ ಓದಿದವರ ಪಾಠವನ್ನು ಇನ್ನೊಬ್ಬರು ತಿದ್ದಲು ಸಾಧ್ಯವಾಯಿತು.

ಆದರೆ ಕನ್ನಡ ಮಾತಾಡುವ ನೆಲ ಆಗ ಹರಿದು ಹಂಚಿಹೋಗಿತ್ತಲ್ಲ! ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಫ್ಲೀಟ್, ಮದರಾಸಿನಲ್ಲಿ ಹುಲ್ಶ್, ಮೈಸೂರಿನಲ್ಲಿ ಬಿ.ಎಲ್. ರೈಸ್. ರೈಸ್ 1886ರಲ್ಲಿ ಕೊಡಗಿನ ಸಂಪುಟದಿಂದ ಶುರು ಮಾಡಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಹನ್ನೆರಡು ಸಂಪುಟಕ್ಕೆ ಬೆಳೆದು ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಒಳಗೊಂಡಿತು. ನಿಜಾಮರ ಸಂಸ್ಥಾನದಲ್ಲಿ ಪುರಾತತ್ವ ಇಲಾಖೆ ಶುರುವಾಗಿದ್ದೇ 1914ರಲ್ಲಿ, ಗುಲಾಮ್ ಯಜ್ದಾನಿಯವರ ಕೈಯಲ್ಲಿ. ಚಾಲುಕ್ಯರ ರಾಜಧಾನಿ ಇದ್ದ ನಮ್ಮ ಸೀಮೆ ಹೀಗೆ ಸಾಲಿನಲ್ಲಿ ಕೊನೆಗೆ ನಿಂತಿತು. ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿಯವರು ಸಂಪಾದಿಸಿದ ಸಂಪುಟ ಹೊರಬಂದಿದ್ದು 1958ರಲ್ಲಿ. ಅಷ್ಟರಲ್ಲಿ ಅದರ ಹೆಸರಿನಲ್ಲಿದ್ದ ರಾಜ್ಯವೇ ಇಲ್ಲವಾಗಿ ಎರಡು ವರ್ಷ ಆಗಿತ್ತು! ಹಳೆಯ ಬೀದರ್ ಜಿಲ್ಲೆಯಲ್ಲಿದ್ದ ಉದಗೀರ ಮಹಾರಾಷ್ಟ್ರದ ಕಡೆಗೆ, ಜಹೀರಾಬಾದ್ ಆಂಧ್ರದ ಕಡೆಗೆ ಹೋದವು. ಈಗ ಹಳೆಯ ಪುಸ್ತಕದಲ್ಲಿ 'ಬೀದರ್ ಜಿಲ್ಲೆ' ಅಂತ ಕಂಡರೆ ಯಾವ ಬೀದರ್ ಅಂತ ಕೇಳಿಕೊಳ್ಳಬೇಕು.

ರೈಸ್ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನ ಎರಡಕ್ಷರ ಮತ್ತು ಒಂದು ಸಂಖ್ಯೆ ಕೊಟ್ಟಿದ್ದ. ಸರಳ ಉಪಾಯ, ವಿದ್ವಾಂಸರು ನೂರು ವರ್ಷ ಅದನ್ನೇ ಹಿಡಿದು ಬರೆದರು. ಆದರೆ ಶ್ರವಣಬೆಳಗೊಳದ ಕಥೆ ಕೇಳಿ. ರೈಸ್ 1889ರಲ್ಲಿ ಕೊಟ್ಟಿದ್ದು 144 ಶಾಸನ. ಆರ್. ನರಸಿಂಹಾಚಾರ್ಯರು 1923ರಲ್ಲಿ 500 ಕೊಟ್ಟರು. 1973ರ ಪರಿಷ್ಕೃತ ಸಂಪುಟದಲ್ಲಿ 573. ಪ್ರತಿ ಸಲ ಹೊಸ ಶಾಸನ ಸೇರಿದಾಗ ನಂಬರುಗಳೂ ಬದಲಾದವು. ಹಾಗಾಗಿ ಒಂದೇ ಕಲ್ಲಿಗೆ ಮೂರು ನಂಬರು ಇರಬಹುದು. ಯಾವ ಸಂಪುಟ ಅಂತ ಹೇಳದೆ ಬರೀ ನಂಬರು ಬರೆದವರ ಲೇಖನ ಹಿಡಿದು ಹೋದರೆ ಬೇರೆ ಕಲ್ಲಿನ ಮುಂದೆ ನಿಲ್ಲುತ್ತೇವೆ.

ಕಂಸಗಳ ಗೊಂದಲ ಬೇರೆ. 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ದುಂಡು ಕಂಸದೊಳಗೆ ಇದ್ದರೆ ಅದು ಸಂಪಾದಕರ ತಿದ್ದುಪಡಿ. ಗ್ರೀಕ್, ಲ್ಯಾಟಿನ್ ಬರಹಗಳಿಗಾಗಿ 1931ರಲ್ಲಿ ಲೈಡನ್‌ನಲ್ಲಿ ಒಪ್ಪಿಕೊಂಡ ಪದ್ಧತಿಯಲ್ಲಿ ಅದೇ ದುಂಡು ಕಂಸ ಅಂದರೆ ಸಂಕ್ಷೇಪವನ್ನು ಬಿಡಿಸಿ ಬರೆದದ್ದು. ಇದಕ್ಕೇ ಈಗ 'ಎಪಿಡಾಕ್' ಅನ್ನುವ ಪದ್ಧತಿಯಲ್ಲಿ 'ಇದು ಅಳಿಸಿದೆ', 'ಇದು ನಾನು ತುಂಬಿದ್ದು' ಅಂತ ಕಂಪ್ಯೂಟರಿಗೆ ಬಿಡಿಸಿ ಹೇಳುತ್ತಾರೆ. 2016ರಲ್ಲಿ ವಿಜ್ಞಾನಿಗಳ ಒಂದು ದೊಡ್ಡ ಗುಂಪು ಮಾಹಿತಿಗೆ ನಾಲ್ಕು ಗುಣ ಇರಬೇಕು ಅಂತ ಬರೆಯಿತು: ಹುಡುಕಿದರೆ ಸಿಗಬೇಕು, ತೆಗೆಯಲು ಬರಬೇಕು, ಇನ್ನೊಂದರ ಜೊತೆ ಹೊಂದಬೇಕು, ಮತ್ತೆ ಬಳಸಲು ಬರಬೇಕು. 'ಫೇರ್' ಅನ್ನೋದು ಅದರ ಹೆಸರು.

ಹುಡುಕಿದರೆ ಸಿಗಬೇಕು ಅನ್ನೋದು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಆದರೂ ಎಷ್ಟೊಂದು ಪುಸ್ತಕಗಳು ಹಳೆಯ ಫಾಂಟುಗಳಲ್ಲಿ ಅಚ್ಚಿಗೆ ಹೋದವು. ಅವುಗಳ ಕಡತ ತೆರೆದು ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟುಗಳ ರಾಶಿ! ಪುಸ್ತಕ ಕಣ್ಣೆದುರೇ ಇದೆ, ಹುಡುಕಾಟಕ್ಕೆ ಮಾತ್ರ ಇಲ್ಲ. ನಾವೆಲ್ಲ ಹಟ ಹಿಡಿದು ಯೂನಿಕೋಡ್‌ನಲ್ಲೇ ಬರೆಯೋದು ಇದಕ್ಕೇ ತಾನೆ?

ಒಳ್ಳೆಯ ಸುದ್ದಿಯೂ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಅಲ್ಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಶುರು ಮಾಡಿತು. ಕಲ್ಲು ಇರುವ ಜಾಗದ ಅಕ್ಷಾಂಶ ರೇಖಾಂಶವನ್ನೂ ಗುರುತು ಮಾಡಿ ಎಲ್ಲರಿಗೂ ಬಿಟ್ಟುಕೊಡುತ್ತಾರೆ. ತಾಲ್ಲೂಕು ಬದಲಾಗಬಹುದು, ರಾಜ್ಯ ಬದಲಾಗಬಹುದು, ಅಕ್ಷಾಂಶ ಬದಲಾಗಲ್ಲ.

ನಮ್ಮ ಬೀದರ್ ಕಡೆಗೂ ಅದು ಬರಲಿ. ಅಲ್ಲಿಯವರೆಗೆ ನಮ್ಮ ಕೈಲಾಗೋದೂ ಸ್ವಲ್ಪ ಇದೆ. ಊರಿಗೆ ಹೋದಾಗ ಗುಡಿಯ ಮುಂದಿನ ಕಲ್ಲಿನ ಫೋಟೋ ತೆಗೆಯುತ್ತೀರಲ್ಲ, ಅದರ ಜೊತೆ ಊರಿನ ಈಗಿನ ಹೆಸರು, ಹಳೆಯ ಹೆಸರು, ಜಾಗದ ಗುರುತು, ತೆಗೆದ ದಿನ, ಯಾವುದಾದರೂ ಸಂಪುಟದಲ್ಲಿ ಬಂದಿದ್ದರೆ ಸಂಪುಟ ಸಮೇತ ನಂಬರು, ಇಷ್ಟನ್ನು ಬರೆದಿಡಿ. ನಿರ್ಣಾ ಅಂತ ಒಬ್ಬರು, ನಿರಣಾ ಅಂತ ಇನ್ನೊಬ್ಬರು ಬರೆದರೂ ಆಗ ಕಲ್ಲು ಕಳೆದುಹೋಗಲ್ಲ.

ಕನ್ನಡ ನಾಡು 1956ರಲ್ಲಿ ಒಂದಾಯ್ತು. ಅದರ ಕಲ್ಲುಗಳ ಲೆಕ್ಕ ಒಂದಾಗೋದು ಇನ್ನೂ ಬಾಕಿ ಇದೆ.